ಅಂಡಾಶಯಕ್ಕೆ ಹಾರ್ಮೋನ್ ಚಿಕಿತ್ಸೆ: ಲೆಟ್ರೊಜೋಲ್ ಮಾತ್ರೆಯಿಂದ ಟ್ರಿಗರ್ ಇಂಜೆಕ್ಷನ್‌ವರೆಗೆ ಸಮಗ್ರ ಮಾರ್ಗದರ್ಶಿ

ಮಕ್ಕಳಾಗುವ ಚಿಕಿತ್ಸೆ ಶುರು ಮಾಡಿದ ದಂಪತಿಯ ಫೈಲ್ ತೆರೆದರೆ ಔಷಧಿಗಳ ಹೆಸರೇ ಒಂದು ಪುಟ ಇರುತ್ತದೆ. ಲೆಟ್ರೊಜೋಲ್, ಎಚ್‌ಎಂಜಿ, ಎಫ್‌ಎಸ್‌ಎಚ್, ಸೆಟ್ರೊರೆಲಿಕ್ಸ್, ಎಚ್‌ಸಿಜಿ, ಪ್ರೊಜೆಸ್ಟರಾನ್. ಯಾವುದು ಯಾಕೆ ಅಂತ ಕೇಳಲು ಒಪಿಡಿಯ ಗಡಿಬಿಡಿಯಲ್ಲಿ ಪುರುಸೊತ್ತು ಸಿಗುವುದಿಲ್ಲ. ಪ್ರಶ್ನೆಗಳೆಲ್ಲ ನೆನಪಾಗುವುದು ಬಸ್ ಹತ್ತಿದ ಮೇಲೆ. ಆ ಪ್ರಶ್ನೆಗಳಿಗಾಗಿ ಈ ಬರಹ.

ಮೊದಲೇ ಒಂದು ಮಾತು. ಇಲ್ಲಿ ಡೋಸ್‌ಗಳನ್ನು ಬರೆದಿರುವುದು ನಿಮ್ಮ ಕೈಯಲ್ಲಿರುವ ಚೀಟಿ ನಿಮಗೆ ಅರ್ಥವಾಗಲಿ ಅಂತ. ಇದನ್ನು ನೋಡಿ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ. ಗೆಳತಿಗೆ ಕೆಲಸ ಮಾಡಿದ ಡೋಸ್ ನಿಮಗೆ ಜಾಸ್ತಿಯೂ ಆಗಬಹುದು, ಕಡಿಮೆಯೂ ಆಗಬಹುದು.

## ಮೊದಲ ಪ್ರಶ್ನೆ: ಈ ಸಲ ಎಷ್ಟು ಮೊಟ್ಟೆ ಬೇಕು?

ಅಂಡಾಶಯದಲ್ಲಿ ಮೊಟ್ಟೆಗಳು ಫಾಲಿಕಲ್ ಎಂಬ ಪುಟ್ಟ ನೀರುಗುಳ್ಳೆಗಳ ಒಳಗಿರುತ್ತವೆ. ಪ್ರತಿ ತಿಂಗಳು ಮುಟ್ಟಾದಾಗ ಇಂಥ ಹಲವು ಫಾಲಿಕಲ್‌ಗಳು ಬೆಳೆಯಲು ತಯಾರಾಗಿರುತ್ತವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಹಾರ್ಮೋನ್ ಕಳಿಸುತ್ತದೆ, ಅವು ಬೆಳೆಯತೊಡಗುತ್ತವೆ. ಬೆಳೆಯುತ್ತ ಈಸ್ಟ್ರೋಜನ್ ಬಿಡುತ್ತವೆ. ಈಸ್ಟ್ರೋಜನ್ ಏರಿದಂತೆ ಪಿಟ್ಯುಟರಿ ಎಫ್‌ಎಸ್‌ಎಚ್ ಇಳಿಸುತ್ತದೆ. ಆಗ ಎಲ್ಲಕ್ಕಿಂತ ಮುಂದಿದ್ದ ಒಂದು ಫಾಲಿಕಲ್ ಮಾತ್ರ ಉಳಿದು, ಮಿಕ್ಕವು ಬತ್ತಿಹೋಗುತ್ತವೆ. ಕೊನೆಗೆ ಎಲ್‌ಎಚ್ ಹಾರ್ಮೋನ್ ಒಮ್ಮೆಲೇ ಏರುತ್ತದೆ, ಫಾಲಿಕಲ್ ಒಡೆದು ಮೊಟ್ಟೆ ಹೊರಬರುತ್ತದೆ.

ಚೀಟಿಯಲ್ಲಿರುವ ಪ್ರತಿಯೊಂದು ಔಷಧಿಯೂ ಈ ಸರಣಿಯ ಯಾವುದಾದರೊಂದು ಜಾಗದಲ್ಲಿ ಕೈ ಹಾಕುತ್ತದೆ. ಲೆಟ್ರೊಜೋಲ್ ಈಸ್ಟ್ರೋಜನ್ ತಯಾರಾಗುವುದನ್ನು ತಡೆಯುತ್ತದೆ, ಪಿಟ್ಯುಟರಿ ತಾನೇ ಜಾಸ್ತಿ ಎಫ್‌ಎಸ್‌ಎಚ್ ಕಳಿಸುತ್ತದೆ. ಇಂಜೆಕ್ಷನ್‌ನಲ್ಲಿ ಎಫ್‌ಎಸ್‌ಎಚ್ ಅನ್ನೇ ನೇರವಾಗಿ ಹೊರಗಿನಿಂದ ಕೊಡುತ್ತೇವೆ. ಸೆಟ್ರೊರೆಲಿಕ್ಸ್ ಎಲ್‌ಎಚ್ ಬೇಗ ಏರದಂತೆ ತಡೆಯುತ್ತದೆ. ಎಚ್‌ಸಿಜಿ ಆ ಎಲ್‌ಎಚ್ ಏರಿಕೆಯ ಕೆಲಸವನ್ನು ನಾವು ಹೇಳಿದ ಹೊತ್ತಿಗೆ ಮಾಡುತ್ತದೆ, ಟ್ರಿಗರ್ ಅನ್ನುವುದು ಇದನ್ನೇ.

ಈ ಔಷಧಿಗಳನ್ನು ಎರಡು ಬೇರೆ ಬೇರೆ ಗುರಿಗಳಿಗೆ ಬಳಸುತ್ತಾರೆ. ಮೊಟ್ಟೆ ಸರಿಯಾಗಿ ಬಿಡುಗಡೆಯಾಗದವರಿಗೆ ಒಂದು ಮೊಟ್ಟೆ, ಹೆಚ್ಚೆಂದರೆ ಎರಡು ಬೆಳೆಸಿ ಸಹಜವಾಗಿ ಅಥವಾ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವುದು) ಮೂಲಕ ಗರ್ಭ ನಿಲ್ಲುವಂತೆ ಮಾಡುವುದು ಮೊದಲನೆಯದು. ಐವಿಎಫ್‌ಗಾಗಿ (ಲ್ಯಾಬಿನಲ್ಲಿ ಮೊಟ್ಟೆ, ವೀರ್ಯ ಸೇರಿಸಿ ಭ್ರೂಣ ಮಾಡುವುದು) ಹಲವು ಮೊಟ್ಟೆಗಳನ್ನು ಒಟ್ಟಿಗೆ ಬೆಳೆಸಿ ಹೊರತೆಗೆಯುವುದು ಎರಡನೆಯದು. ಐವಿಎಫ್‌ನಲ್ಲಿ ಹತ್ತು ಫಾಲಿಕಲ್ ಬಂದರೆ ಖುಷಿ. ಐಯುಐ ತಿಂಗಳಲ್ಲಿ ನಾಲ್ಕು ಬಂದರೂ ಅಪಾಯ. ನೀವು ಯಾವ ದಾರಿಯಲ್ಲಿದ್ದೀರಿ ಅನ್ನುವುದು ಸ್ಪಷ್ಟವಾಗಿದ್ದರೆ ಮುಂದಿನ ಸ್ಕ್ಯಾನಿಂಗ್ ರಿಪೋರ್ಟ್‌ಗಳೆಲ್ಲ ಅರ್ಥವಾಗುತ್ತವೆ. ಅದಕ್ಕೇ ಡೋಸ್‌ಗಿಂತ ಮೊದಲು ಗುರಿ ಕೇಳಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು.

ಇಲ್ಲೇ ಒಂದು ಭಯ ಕಳೆದುಬಿಡೋಣ. "ಇಷ್ಟು ಮೊಟ್ಟೆ ಒಂದೇ ತಿಂಗಳಲ್ಲಿ ತೆಗೆದರೆ ಸ್ಟಾಕ್ ಖಾಲಿಯಾಗಿ ಬೇಗ ಮುಟ್ಟು ನಿಂತುಹೋಗುತ್ತಾ?" ಇಲ್ಲ. ಆ ತಿಂಗಳು ಹೇಗೂ ಬತ್ತಿಹೋಗಲಿದ್ದ ಫಾಲಿಕಲ್‌ಗಳನ್ನೇ ಔಷಧಿ ಉಳಿಸಿಕೊಳ್ಳುತ್ತದೆ. ಮುಂದಿನ ತಿಂಗಳುಗಳ ಮೊಟ್ಟೆಗೆ ಅದು ಕೈ ಹಾಕುವುದಿಲ್ಲ.

## ಹಂತ 1: ಹಾರ್ಮೋನ್ ಮುಟ್ಟುವ ಮೊದಲಿನ ಪರೀಕ್ಷೆಗಳು

ಸಾಮಾನ್ಯವಾಗಿ ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಪರೀಕ್ಷೆ ಶುರು ಮಾಡುತ್ತಾರೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ ಕಾಯುವುದೇ ಬೇಡ.

ಮೊದಲ ವಾರದಲ್ಲೇ ಆಗಬೇಕಾದದ್ದು ಗಂಡನ ವೀರ್ಯ ಪರೀಕ್ಷೆ. ಇದು ಅಗ್ಗ, ನೋವಿಲ್ಲ, ಒಂದೇ ದಿನದ ಕೆಲಸ. ಆದರೂ ನಮ್ಮ ಕಡೆ ಹೆಂಡತಿ ತಿಂಗಳುಗಟ್ಟಲೆ ಮಾತ್ರೆ ನುಂಗಿ ಮುಗಿಸಿದ ಮೇಲೆ ಗಂಡನ ಪರೀಕ್ಷೆ ಮಾಡಿಸುವ ಮನೆಗಳಿವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ತಪ್ಪು ಜಾಗದಲ್ಲಿ ಹುಡುಕುತ್ತ ಹೋದಷ್ಟೂ ಹೆಂಡತಿಯ ವಯಸ್ಸು ಜಾರುತ್ತದೆ, ಅದು ವಾಪಸ್ ಬರುವುದಿಲ್ಲ.

ಹೆಂಡತಿಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್), ಎಎಂಎಚ್ ರಕ್ತ ಪರೀಕ್ಷೆ ಮತ್ತು ಮುಟ್ಟಿನ 2 ಅಥವಾ 3ನೇ ದಿನ ಸ್ಕ್ಯಾನಿಂಗ್. ಥೈರಾಯ್ಡ್ ಅಥವಾ ಪ್ರೊಲ್ಯಾಕ್ಟಿನ್ ಏರುಪೇರಾಗಿದ್ದರೆ ಅದನ್ನು ಸರಿಪಡಿಸಿದರೇ ಕೆಲವರಿಗೆ ಮೊಟ್ಟೆ ಬಿಡುಗಡೆಯಾಗುತ್ತದೆ, ಬೇರೆ ಔಷಧಿಯೇ ಬೇಕಾಗುವುದಿಲ್ಲ. ಮಾತ್ರೆ ಅಥವಾ ಐಯುಐ ದಾರಿ ಹಿಡಿಯುವವರಿಗೆ ಗರ್ಭನಾಳ ತೆರೆದಿದೆಯಾ ಅಂತ ನೋಡುವ ಟ್ಯೂಬ್ ಟೆಸ್ಟ್ ಕೂಡ ಮುಖ್ಯ. ಎರಡೂ ನಾಳ ಮುಚ್ಚಿದ್ದರೆ ಎಷ್ಟು ಚೆಂದದ ಮೊಟ್ಟೆ ಬೆಳೆಸಿದರೂ ಉಪಯೋಗವಿಲ್ಲ.

ಎಎಂಎಚ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಈ ಒಂದು ನಂಬರ್ ಎಷ್ಟೋ ಹೆಣ್ಣುಮಕ್ಕಳ ನಿದ್ದೆ ಕೆಡಿಸಿದೆ. ಅಂಡಾಶಯದಲ್ಲಿ ಸಣ್ಣ ಫಾಲಿಕಲ್‌ಗಳು ಎಷ್ಟು ಉಳಿದಿವೆ ಅನ್ನುವ ಅಂದಾಜು ಅದು. ಇಂಜೆಕ್ಷನ್ ಕೊಟ್ಟರೆ ಎಷ್ಟು ಮೊಟ್ಟೆ ಬರಬಹುದು, ಎಷ್ಟು ಡೋಸ್‌ನಿಂದ ಶುರು ಮಾಡಬೇಕು ಅಂತ ಲೆಕ್ಕ ಹಾಕಲು ಡಾಕ್ಟರಿಗೆ ಬೇಕು. ಮಿಲಿಲೀಟರಿಗೆ 1.2 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಮೊಟ್ಟೆ ಕಡಿಮೆ ಬರಬಹುದು ಅಂತ ಎಣಿಸುತ್ತಾರೆ. ತುಂಬ ಜಾಸ್ತಿ ಇದ್ದರೆ ಅಂಡಾಶಯ ಅತಿಯಾಗಿ ಉಬ್ಬುವ ಅಪಾಯ ನೋಡಿಕೊಳ್ಳುತ್ತಾರೆ. ಮೊಟ್ಟೆಯ ಗುಣಮಟ್ಟವನ್ನು ಎಎಂಎಚ್ ಹೇಳುವುದಿಲ್ಲ, ಅದನ್ನು ಹೆಚ್ಚಾಗಿ ವಯಸ್ಸು ನಿರ್ಧರಿಸುತ್ತದೆ. ಎಎಂಎಚ್ ಕಡಿಮೆ ಬಂದ ಮಾತ್ರಕ್ಕೆ ಸಹಜವಾಗಿ ಗರ್ಭ ನಿಲ್ಲುವುದಿಲ್ಲ ಅಂತಲೂ ಅರ್ಥವಲ್ಲ. ಸ್ಕ್ಯಾನಿಂಗ್‌ನಲ್ಲಿ ಎರಡೂ ಅಂಡಾಶಯದ 2ರಿಂದ 10 ಮಿ.ಮೀ. ಫಾಲಿಕಲ್‌ಗಳನ್ನು ಎಣಿಸಿ ಎಎಫ್‌ಸಿ ಅಂತ ಬರೆಯುತ್ತಾರೆ. ಎರಡನ್ನೂ ಸೇರಿಸಿ ನೋಡಬೇಕು.

ಇದರ ಜೊತೆಗೆ ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಈಗಲೇ ಶುರುವಾಗಲಿ. ರುಬೆಲ್ಲಾ ರಕ್ಷಣೆ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಪಿಸಿಓಎಸ್ (ಅಂಡಾಶಯದಲ್ಲಿ ಸಣ್ಣ ಫಾಲಿಕಲ್ ತುಂಬಿ ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇದ್ದು ತೂಕ ಜಾಸ್ತಿ ಇದ್ದರೆ 5ರಿಂದ 10 ಪರ್ಸೆಂಟ್ ಇಳಿದರೂ ಮುಟ್ಟು ಕ್ರಮಕ್ಕೆ ಬರುವ ಸಾಧ್ಯತೆ ಇದೆ. 80 ಕೆಜಿ ಇದ್ದವರಿಗೆ ಅದು 4ರಿಂದ 8 ಕೆಜಿ, ಆಗದ ಕೆಲಸವೇನಲ್ಲ.

## ಹಂತ 2: ಮಾತ್ರೆ ದಾರಿ

ಪಿಸಿಓಎಸ್‌ನಿಂದ ಮೊಟ್ಟೆ ಬಿಡುಗಡೆಯಾಗದವರಿಗೆ ಈಗ ಮೊದಲ ಆಯ್ಕೆ ಲೆಟ್ರೊಜೋಲ್. ಮೂಲತಃ ಇದು ಸ್ತನ ಕ್ಯಾನ್ಸರ್‌ನ ಔಷಧಿ. ಮೆಡಿಕಲ್ ಶಾಪಿನಲ್ಲಿ ಕೊಡುವ ಚೀಟಿ ಓದಿದರೆ ಕ್ಯಾನ್ಸರ್ ಅಂತ ಇರುತ್ತದೆ, ಹೆದರಬೇಡಿ.

ಭಾರತದಲ್ಲಿ ಇದಕ್ಕೊಂದು ಕಥೆ ಇದೆ. 2011ರ ಅಕ್ಟೋಬರಿನಲ್ಲಿ ಸರ್ಕಾರ ಬಂಜೆತನ ಚಿಕಿತ್ಸೆಗೆ ಲೆಟ್ರೊಜೋಲ್ ಬಳಸುವುದನ್ನು ನಿಷೇಧಿಸಿತು. ಮಗುವಿಗೆ ಅಂಗದೋಷ ಬರಬಹುದು ಅನ್ನುವ ಆತಂಕ ಅದರ ಹಿಂದಿತ್ತು. ಆಮೇಲೆ 2014ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಬಂತು. ಪಿಸಿಓಎಸ್ ಇರುವ 750 ಮಹಿಳೆಯರಲ್ಲಿ ಐದು ಮುಟ್ಟಿನ ಸೈಕಲ್‌ವರೆಗೆ ನೋಡಿದಾಗ ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ 27.5 ಪರ್ಸೆಂಟ್ ಮಂದಿಗೆ, ಹಳೆಯ ಮಾತ್ರೆ ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ 19.1 ಪರ್ಸೆಂಟ್ ಮಂದಿಗೆ ಮಗುವಾಗಿತ್ತು. ಅಂಗದೋಷದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಭಾರತ ಸರ್ಕಾರ ನಿಷೇಧ ತೆಗೆಯಿತು. ಹಾಗಾಗಿ ಅಕ್ಕನೋ ಅತ್ತಿಗೆಯೋ "ನನಗೆ ಆಗ ಬೇರೆ ಮಾತ್ರೆ ಕೊಟ್ಟಿದ್ದರು" ಅಂದರೆ ಗಾಬರಿ ಬೇಡ. ನಿಷೇಧ ಇದ್ದ ವರ್ಷಗಳಲ್ಲಿ ಇದನ್ನು ಬಂಜೆತನಕ್ಕೆ ಕೊಡುವಂತಿರಲಿಲ್ಲ.

ತೆಗೆದುಕೊಳ್ಳುವ ಕ್ರಮ ಹೀಗಿದೆ. ಚೆನ್ನಾಗಿ ರಕ್ತ ಹೋಗಲು ಶುರುವಾದ ದಿನ 1ನೇ ದಿನ. ಅದಕ್ಕೆ ಮೊದಲು ಕಲೆ ಕಂಡ ದಿನ ಲೆಕ್ಕಕ್ಕಿಲ್ಲ. ರಾತ್ರಿ ತಡವಾಗಿ ಶುರುವಾದರೆ ಯಾವ ದಿನ ಹಿಡಿಯಬೇಕು ಅಂತ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿ. ಸಾಮಾನ್ಯವಾಗಿ 2 ಅಥವಾ 3ನೇ ದಿನದಿಂದ ಐದು ದಿನ, ದಿನಕ್ಕೆ 2.5 ಮಿ.ಗ್ರಾಂ. ಆ ತಿಂಗಳು ಮೊಟ್ಟೆ ಬೆಳೆಯದಿದ್ದರೆ ಮುಂದಿನ ಸಲ 5, ಆಮೇಲೆ 7.5ಕ್ಕೆ ಏರಿಸುತ್ತಾರೆ. ದಿನವೂ ಒಂದೇ ಹೊತ್ತಿಗೆ ನುಂಗಿ. ಮುಟ್ಟೇ ಬರದವರಿಗೆ ಮೊದಲು ಗರ್ಭ ಇಲ್ಲ ಅಂತ ಖಚಿತ ಮಾಡಿಕೊಂಡು, ಪ್ರೊಜೆಸ್ಟರಾನ್ (ಮೊಟ್ಟೆ ಬಿಡುಗಡೆಯಾದ ಮೇಲೆ ಗರ್ಭಕೋಶದ ಒಳಪದರವನ್ನು ಗರ್ಭಕ್ಕೆ ತಯಾರು ಮಾಡುವ ಹಾರ್ಮೋನ್) ತರಹದ ಮಾತ್ರೆ ಕೆಲವು ದಿನ ಕೊಟ್ಟು ಮುಟ್ಟು ಬರಿಸುತ್ತಾರೆ. ತಲೆನೋವು, ಸುಸ್ತು, ಮೈ ಬಿಸಿಯಾಗುವುದು ಕೆಲವರಿಗೆ ಆಗುತ್ತದೆ, ಕೋರ್ಸ್ ಮುಗಿದ ಮೇಲೆ ಹೋಗುತ್ತದೆ. ಔಷಧಿ ಕೆಲವೇ ದಿನಗಳಲ್ಲಿ ದೇಹದಿಂದ ಹೊರಹೋಗುತ್ತದೆ. ಅಂದರೆ ಗರ್ಭ ಕಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ಉಳಿದಿರುವುದಿಲ್ಲ.

ಕ್ಲೋಮಿಫೀನ್ ಇದಕ್ಕಿಂತ ಹಳೆಯದು, 1960ರ ದಶಕದಿಂದ ಬಳಕೆಯಲ್ಲಿದೆ. 50 ಮಿ.ಗ್ರಾಂನಿಂದ ಶುರು, 150ರವರೆಗೆ. ಈಸ್ಟ್ರೋಜನ್ ಇದ್ದರೂ ಮೆದುಳಿಗೆ ಅದು ತಿಳಿಯದಂತೆ ಮಾಡುತ್ತದೆ. ಅದೇ ತಡೆ ಗರ್ಭಕೋಶದ ಒಳಪದರದ ಮೇಲೂ ಆಗಿ, ಪದರ ತೆಳುವಾಗುವುದುಂಟು. ಕಣ್ಣು ಮಂಜಾದರೆ, ಬೆಳಕಿನ ಮಿಂಚು ಕಂಡರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತಿಳಿಸಬೇಕು. ಆರು ಸೈಕಲ್‌ಗಿಂತ ಮುಂದೆ ಅದನ್ನೇ ಕೊಡುತ್ತ ಹೋಗುವುದರಲ್ಲಿ ಅರ್ಥವಿಲ್ಲ.

ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಯ ಮಾತ್ರೆ. ಪಿಸಿಓಎಸ್‌ನಲ್ಲಿ ಜೊತೆಗೆ ಕೊಡುತ್ತಾರೆ, ಒಂದೇ ಕೊಟ್ಟರೆ ಲೆಟ್ರೊಜೋಲ್‌ನಷ್ಟು ಫಲ ಸಿಗುವುದಿಲ್ಲ.

ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಅಂತ ನೋಡಲು ಫಾಲಿಕ್ಯುಲರ್ ಸ್ಟಡಿ ಇದೆ. 10ನೇ ದಿನದ ಸುಮಾರಿಗೆ ಶುರು ಮಾಡಿ ಒಂದೆರಡು ದಿನಕ್ಕೊಮ್ಮೆ ಸ್ಕ್ಯಾನ್. ಮುಂದಿನ ಮುಟ್ಟಿಗೆ ಏಳು ದಿನ ಮೊದಲು ಮಾಡಿಸಿದ ಪ್ರೊಜೆಸ್ಟರಾನ್ ರಕ್ತ ಪರೀಕ್ಷೆಯಲ್ಲಿ 3 ನ್ಯಾನೋಗ್ರಾಂ ದಾಟಿದ್ದರೆ ಮೊಟ್ಟೆ ಬಿಡುಗಡೆಯಾಗಿದೆ ಅಂತ ಲೆಕ್ಕ. ಇದನ್ನು ಎಲ್ಲರಿಗೂ "21ನೇ ದಿನದ ಟೆಸ್ಟ್" ಅಂತ ಬರೆದುಕೊಡುವುದುಂಟು. 35 ದಿನದ ಸೈಕಲ್ ಇರುವವರಿಗೆ ಅದು 28ನೇ ದಿನ ಆಗಬೇಕು, ಅಲ್ವಾ? ನಿಮ್ಮ ಸೈಕಲ್ ಉದ್ದವಾಗಿದ್ದರೆ ಇದನ್ನು ಬಾಯಿಬಿಟ್ಟು ಹೇಳಿ.

## ಹಂತ 3: ಸಣ್ಣ ಡೋಸ್ ಇಂಜೆಕ್ಷನ್

ಮಾತ್ರೆಗೆ ಮೊಟ್ಟೆ ಬೆಳೆಯದಿದ್ದರೆ, ಅಥವಾ ಬೆಳೆದರೂ ಗರ್ಭ ನಿಲ್ಲದಿದ್ದರೆ ಮುಂದಿನ ಆಯ್ಕೆ ಗೊನಾಡೊಟ್ರೊಪಿನ್ ಇಂಜೆಕ್ಷನ್, ಅಂದರೆ ಎಫ್‌ಎಸ್‌ಎಚ್ ಅಥವಾ ಎಚ್‌ಎಂಜಿ. ಪಿಟ್ಯುಟರಿಯಿಂದ ಎಫ್‌ಎಸ್‌ಎಚ್, ಎಲ್‌ಎಚ್ ಬರುವುದೇ ಇಲ್ಲದ ಕೆಲವರಿದ್ದಾರೆ. ಅತಿಯಾಗಿ ತೂಕ ಇಳಿದವರಲ್ಲಿ, ಪಿಟ್ಯುಟರಿ ತೊಂದರೆ ಇರುವವರಲ್ಲಿ ಹೀಗಾಗುತ್ತದೆ. ಹಾರ್ಮೋನ್ ಕಳಿಸಲು ಪಿಟ್ಯುಟರಿಗೇ ಆಗದಿದ್ದಾಗ ಲೆಟ್ರೊಜೋಲ್, ಕ್ಲೋಮಿಫೀನ್ ಎರಡೂ ವ್ಯರ್ಥ. ಎಫ್‌ಎಸ್‌ಎಚ್ ಜೊತೆ ಎಲ್‌ಎಚ್ ಗುಣವೂ ಇರುವ ಎಚ್‌ಎಂಜಿ ಅವರಿಗೆ ಬೇಕಾಗುತ್ತದೆ.

ಎಚ್‌ಎಂಜಿ ತಯಾರಾಗುವುದು ಮುಟ್ಟು ನಿಂತ ಮಹಿಳೆಯರ ಮೂತ್ರದಿಂದ. ಆ ವಯಸ್ಸಿನಲ್ಲಿ ದೇಹದಲ್ಲಿ ಈ ಹಾರ್ಮೋನ್‌ಗಳು ತುಂಬಿರುತ್ತವೆ. ಅದನ್ನು ಶುದ್ಧೀಕರಿಸಿ ಪುಡಿ ಮಾಡುತ್ತಾರೆ. 1990ರ ದಶಕದ ಮಧ್ಯದಲ್ಲಿ ಲ್ಯಾಬಿನಲ್ಲಿ ಕೋಶಗಳಿಂದ ತಯಾರಿಸಿದ ರಿಕಾಂಬಿನಂಟ್ ಎಫ್‌ಎಸ್‌ಎಚ್ ಬಂತು. ಪೆನ್ ರೂಪದಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ. ಮಗುವಾಗುವ ಸಾಧ್ಯತೆಯಲ್ಲಿ ಎರಡರ ನಡುವೆ ದೊಡ್ಡ ವ್ಯತ್ಯಾಸವಿಲ್ಲ. ಕೈಯಲ್ಲಿ ಹಣ ಕಡಿಮೆ ಇದ್ದರೆ "ಎಚ್‌ಎಂಜಿಯಲ್ಲಿ ಮಾಡಬಹುದಾ ಡಾಕ್ಟ್ರೇ" ಅಂತ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಎಚ್‌ಎಂಜಿಗೆ ನಮ್ಮ ದೇಶದ ಇತಿಹಾಸದಲ್ಲೂ ಜಾಗವಿದೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಹುಟ್ಟಿದ್ದು ಯಾವ ಇಂಜೆಕ್ಷನ್ನೂ ಇಲ್ಲದ ಸಹಜ ಸೈಕಲ್‌ನ ಒಂದೇ ಮೊಟ್ಟೆಯಿಂದ. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ದುರ್ಗಾ ಹುಟ್ಟಿದಳು. ಡಾ. ಸುಭಾಷ್ ಮುಖರ್ಜಿ ತಾಯಿಗೆ ಎಚ್‌ಎಂಜಿ ಕೊಟ್ಟು ಹಲವು ಮೊಟ್ಟೆ ಬೆಳೆಸಿ, ಭ್ರೂಣವನ್ನು ಫ್ರೀಜ್ ಮಾಡಿ ಆಮೇಲೆ ಗರ್ಭಕೋಶಕ್ಕೆ ಹಾಕಿದ್ದರು. ಇಂದಿನ ಐವಿಎಫ್ ನಡೆಯುವುದು ಹೆಚ್ಚಾಗಿ ಅದೇ ದಾರಿಯಲ್ಲಿ. ಆಗಿನ ಸರ್ಕಾರಿ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರ ಟಿಪ್ಪಣಿಗಳನ್ನು ಓದಿ 1997ರಲ್ಲಿ ಆ ಶ್ರೇಯಸ್ಸನ್ನು ಅವರಿಗೇ ಕೊಟ್ಟವರು ಡಾ. ಟಿ.ಸಿ. ಆನಂದ ಕುಮಾರ್. 1986ರಲ್ಲಿ ಮುಂಬೈಯಲ್ಲಿ ಡಾ. ಇಂದಿರಾ ಹಿಂದುಜಾ ಜೊತೆ ಐವಿಎಫ್ ಮಾಡಿ ತೋರಿಸಿದ್ದ, ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ವಿಜ್ಞಾನಿ. ತನಗಿದ್ದ "ಮೊದಲಿಗ" ಅನ್ನುವ ಹೆಸರನ್ನು ತಾನೇ ಬಿಟ್ಟುಕೊಟ್ಟರು. ಎಚ್‌ಎಂಜಿ ಬಾಟಲಿ ನೋಡಿದಾಗಲೆಲ್ಲ ನನಗೆ ಇವರಿಬ್ಬರೂ ನೆನಪಾಗುತ್ತಾರೆ.

ಈ ದಾರಿಯಲ್ಲಿ ಗುರಿ ಒಂದೇ ಮೊಟ್ಟೆ. ಅದಕ್ಕೇ ಪಿಸಿಓಎಸ್ ಇರುವವರಿಗೆ 37.5 ಅಥವಾ 75 ಐಯುನಿಂದ (ಐಯು ಅಂದರೆ ಹಾರ್ಮೋನ್ ಅಳೆಯುವ ಯೂನಿಟ್) ಶುರು ಮಾಡಿ, ಒಂದೆರಡು ವಾರ ಅದರಲ್ಲೇ ನಿಲ್ಲಿಸಿ, ಬೇಕಾದರೆ ಮಾತ್ರ ಚೂರು ಚೂರಾಗಿ ಏರಿಸುತ್ತಾರೆ. "ಇಷ್ಟು ದಿನ ಆಯ್ತು, ಡೋಸ್ ಜಾಸ್ತಿ ಮಾಡಿ" ಅಂತ ಒತ್ತಾಯ ಮಾಡಬೇಡಿ. ಕಾರಣ ಗೊತ್ತಾಗದ ಬಂಜೆತನಕ್ಕೆ ಐಯುಐ ಮಾಡಿಸಿಕೊಂಡ 900 ದಂಪತಿಗಳ ಅಮೆರಿಕನ್ ಅಧ್ಯಯನವೊಂದರಲ್ಲಿ ಗೊನಾಡೊಟ್ರೊಪಿನ್ ಕೊಟ್ಟಾಗ ನಿಂತ ಗರ್ಭಗಳಲ್ಲಿ 32 ಪರ್ಸೆಂಟ್ ಅವಳಿ ತ್ರಿವಳಿಗಳಾಗಿದ್ದವು. ಕ್ಲೋಮಿಫೀನ್‌ನಲ್ಲಿ ಇದು 9, ಲೆಟ್ರೊಜೋಲ್‌ನಲ್ಲಿ 13. ಅವಳಿ ಅಂದರೆ ಮನೆಯವರಿಗೆ ಸಡಗರ. ಆದರೆ ಅವಧಿಗೆ ಮುಂಚೆ ಹೆರಿಗೆ, ತಾಯಿಗೆ ಬಿಪಿ, ಮಕ್ಕಳು ವಾರಗಟ್ಟಲೆ ನವಜಾತ ಶಿಶುಗಳ ಐಸಿಯುನಲ್ಲಿ ಇರುವುದು ಇವೆಲ್ಲ ಒಂಟಿ ಗರ್ಭಕ್ಕಿಂತ ಎಷ್ಟೋ ಜಾಸ್ತಿ. ಮೂರು ಅಥವಾ ಹೆಚ್ಚು ಫಾಲಿಕಲ್ ಹಣ್ಣಾಗಿದ್ದರೆ ಡಾಕ್ಟರ್ "ಈ ತಿಂಗಳು ಬೇಡ, ಸೇರುವುದೂ ಬೇಡ" ಅನ್ನಬಹುದು. ದುಡ್ಡು ಹೋಯಿತಲ್ಲ ಅಂತ ಸಂಕಟವಾಗುತ್ತದೆ ನಿಜ. ಆದರೂ ಅವರ ಮಾತು ಕೇಳಿ.

## ಹಂತ 4: ಐವಿಎಫ್‌ಗೆ ಮೊಟ್ಟೆ ಬೆಳೆಸುವುದು

ಇಲ್ಲಿ ಲೆಕ್ಕ ತಿರುಗಿತು. ಮುಟ್ಟಿನ 2 ಅಥವಾ 3ನೇ ದಿನ ಸ್ಕ್ಯಾನ್ ಮಾಡಿ, ಸಾಮಾನ್ಯವಾಗಿ ದಿನಕ್ಕೆ 150ರಿಂದ 225 ಐಯು ಇಂಜೆಕ್ಷನ್ ಶುರು ಮಾಡುತ್ತಾರೆ. ಎಎಂಎಚ್ ತುಂಬ ಇರುವವರಿಗೆ ಇನ್ನೂ ಕಡಿಮೆ, ಕಡಿಮೆ ಇರುವವರಿಗೆ 300ರವರೆಗೆ. 300 ದಾಟಿಸಿದರೆ ಖರ್ಚು ಏರುತ್ತದೆಯೇ ಹೊರತು ಲಾಭ ಕಾಣುವುದಿಲ್ಲ. ಇರುವ ಫಾಲಿಕಲ್‌ಗಳನ್ನಷ್ಟೇ ಔಷಧಿ ಬೆಳೆಸಬಲ್ಲದು, ಹೊಸದನ್ನು ಹುಟ್ಟಿಸಲಾರದು. ಒಟ್ಟು 8ರಿಂದ 12 ದಿನದ ಕೆಲಸ.

ಹಲವು ಫಾಲಿಕಲ್ ಒಟ್ಟಿಗೆ ಬೆಳೆದಾಗ ಈಸ್ಟ್ರೋಜನ್ ವಿಪರೀತ ಏರಿ, ಎಲ್‌ಎಚ್ ಬೇಗ ಉಕ್ಕಿ, ತೆಗೆಯುವ ಮೊದಲೇ ಮೊಟ್ಟೆ ಜಾರಿಹೋಗಬಹುದು. ಅದನ್ನು ತಡೆಯುವ ರೀತಿಯಿಂದಲೇ "ಪ್ರೋಟೋಕಾಲ್" ಹೆಸರು ಬರುತ್ತದೆ.

ಈಗ ಹೆಚ್ಚು ಬಳಕೆಯಲ್ಲಿರುವುದು ಆಂಟಗೊನಿಸ್ಟ್ ಪ್ರೋಟೋಕಾಲ್. ಇಂಜೆಕ್ಷನ್ ಶುರುವಾದ 5 ಅಥವಾ 6ನೇ ದಿನದಿಂದ, ಇಲ್ಲವೇ ದೊಡ್ಡ ಫಾಲಿಕಲ್ 13–14 ಮಿ.ಮೀ. ಆದಾಗ, ಸೆಟ್ರೊರೆಲಿಕ್ಸ್ ಅಥವಾ ಗ್ಯಾನಿರೆಲಿಕ್ಸ್ 0.25 ಮಿ.ಗ್ರಾಂ ದಿನವೂ ಕೊಡುತ್ತಾರೆ. ದಿನ ಕಡಿಮೆ, ಅಂಡಾಶಯ ಉಬ್ಬುವ ಅಪಾಯವೂ ಕಡಿಮೆ.

ಹಳೆಯ ಲಾಂಗ್ ಪ್ರೋಟೋಕಾಲ್‌ನಲ್ಲಿ ಹಿಂದಿನ ತಿಂಗಳ 21ನೇ ದಿನದ ಸುಮಾರಿಗೇ ಲ್ಯುಪ್ರೊಲೈಡ್ ತರಹದ ಇಂಜೆಕ್ಷನ್ ಶುರು ಮಾಡಿ ಪಿಟ್ಯುಟರಿಯನ್ನು ಪೂರ್ತಿ ಮಲಗಿಸುತ್ತಾರೆ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಹೊರಗೂ ಬೆಳೆಯುವ ಕಾಯಿಲೆ) ಇರುವ ಕೆಲವರಿಗೆ ಈಗಲೂ ಇದನ್ನು ಆರಿಸುವ ಡಾಕ್ಟರುಗಳಿದ್ದಾರೆ. ಮೂರನೆಯದು ಪ್ರೊಜೆಸ್ಟರಾನ್ ಮಾತ್ರೆಯಿಂದಲೇ ಎಲ್‌ಎಚ್ ತಡೆಯುವ ಪಿಪಿಓಎಸ್. ಇಂಜೆಕ್ಷನ್ ಚುಚ್ಚು ಕಡಿಮೆ, ಖರ್ಚೂ ಕಡಿಮೆ. ಆದರೆ ಗರ್ಭಕೋಶದ ಒಳಪದರದ ಲಯ ತಪ್ಪುವುದರಿಂದ ಆ ತಿಂಗಳೇ ಭ್ರೂಣ ಹಾಕಲು ಬರುವುದಿಲ್ಲ, ಎಲ್ಲವನ್ನೂ ಫ್ರೀಜ್ ಮಾಡಬೇಕು. ಮೊಟ್ಟೆ ಫ್ರೀಜ್ ಮಾಡಿಸುವವರಿಗೆ, ದಾನಿಗಳಿಗೆ ಇದು ಹೊಂದುತ್ತದೆ.

ಕ್ಯಾನ್ಸರ್ ಚಿಕಿತ್ಸೆಗೆ ಮೊದಲು ಮೊಟ್ಟೆ ಉಳಿಸಿಕೊಳ್ಳಬೇಕಾದವರಿಗೆ ಮುಟ್ಟಿಗಾಗಿ ಕಾಯಬೇಕಿಲ್ಲ, ಸೈಕಲ್‌ನ ಯಾವ ದಿನವಾದರೂ ಶುರು ಮಾಡಬಹುದು. ಸ್ತನ ಕ್ಯಾನ್ಸರ್ ಇದ್ದರೆ ಈಸ್ಟ್ರೋಜನ್ ಏರದಂತೆ ಜೊತೆಗೆ ಲೆಟ್ರೊಜೋಲ್ ಕೊಡುತ್ತಾರೆ. ಸುಮಾರು ಎರಡು ವಾರದಲ್ಲಿ ಮುಗಿಯುತ್ತದೆ. ಕೀಮೋ ಶುರುವಾಗುವ ಮುಂಚೆ ಈ ಮಾತನ್ನು ಎತ್ತಬೇಕು, ಆಮೇಲೆ ತಡವಾಗುತ್ತದೆ.

## ಹಂತ 5: ಮನೆಯಲ್ಲಿ ಇಂಜೆಕ್ಷನ್ ತೆಗೆದುಕೊಳ್ಳುವುದು

ಕ್ಲಿನಿಕ್‌ನಲ್ಲಿ ನರ್ಸ್ ಒಮ್ಮೆ ತೋರಿಸಿಕೊಡುತ್ತಾರೆ. ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಲು ಅನುಮತಿ ಕೇಳಿ. ಮನೆಯಲ್ಲಿ ಮಾಡುವಾಗ ಅದೇ ಆಸರೆ.

ಪುಡಿ ಬರುವ ಎಚ್‌ಎಂಜಿ ಆದರೆ, ಮೊದಲು ಸೋಪಿನಿಂದ ಕೈ ತೊಳೆದು ಒರೆಸಿದ ಟೇಬಲ್ ಮೇಲೆ ಎಲ್ಲ ಜೋಡಿಸಿಟ್ಟುಕೊಳ್ಳಿ. ದ್ರವದ ಆಂಪೂಲ್‌ನ ಕುತ್ತಿಗೆಯಲ್ಲಿ ಒಂದು ಚುಕ್ಕೆ ಇರುತ್ತದೆ. ಬಟ್ಟೆ ಅಥವಾ ಹತ್ತಿ ಸುತ್ತಿ, ಚುಕ್ಕೆ ನಿಮ್ಮ ಕಡೆ ಇರುವಂತೆ ಹಿಡಿದು, ಆಚೆ ಬಗ್ಗಿಸಿ ಮುರಿಯಿರಿ. ದಪ್ಪ ಸೂಜಿಯಿಂದ 1 ಮಿ.ಲೀ. ಎಳೆದು ಪುಡಿಯ ಬಾಟಲಿಗೆ ಗೋಡೆಯ ಮೇಲೆ ಇಳಿಯುವಂತೆ ನಿಧಾನವಾಗಿ ಬಿಡಿ. ಕುಲುಕಬೇಡಿ, ನೊರೆ ಬರುತ್ತದೆ. ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಿದರೆ ಕರಗಿ ನೀರಿನಂತೆ ತಿಳಿಯಾಗುತ್ತದೆ. ತಿಳಿಯಾಗದಿದ್ದರೆ, ಕಸ ಕಂಡರೆ ಬಳಸಬೇಡಿ. ದಿನಕ್ಕೆ ಎರಡು ಮೂರು ಬಾಟಲಿ ಇದ್ದರೆ ಕರಗಿದ ಅದೇ ದ್ರವವನ್ನು ಎಳೆದು ಮುಂದಿನ ಪುಡಿಗೆ ಹಾಕಬಹುದಾ ಅಂತ ನರ್ಸ್ ಹತ್ತಿರ ಕೇಳಿಕೊಳ್ಳಿ. ಆಗುವುದಾದರೆ ಚುಚ್ಚು ಒಂದೇ ಸಾಕು.

ಸಿರಿಂಜಿಗೆ ಎಳೆದ ಮೇಲೆ ಸಣ್ಣ ಸೂಜಿ ಹಾಕಿ, ಮೇಲ್ಮುಖ ಮಾಡಿ ಬೆರಳಿನಿಂದ ತಟ್ಟಿ ಗಾಳಿ ಹೊರಬಿಡಿ. ಹೊಕ್ಕುಳಿನಿಂದ ಎರಡು ಬೆರಳು ದೂರ, ಕೆಳಹೊಟ್ಟೆಯಲ್ಲಿ ಸ್ಪಿರಿಟ್ ಹಚ್ಚಿ, ಅದು ಪೂರ್ತಿ ಆರುವವರೆಗೆ ಕಾಯಿರಿ. ಒದ್ದೆ ಇದ್ದಾಗ ಚುಚ್ಚಿದರೆ ಉರಿಯುತ್ತದೆ, ನೋವಿಗೆ ಅರ್ಧ ಕಾರಣ ಅದೇ. ಚರ್ಮ ಹಿಡಿದೆತ್ತಿ ಚುಚ್ಚಿ, ನಿಧಾನವಾಗಿ ತಳ್ಳಿ, ಹತ್ತು ಎಣಿಸಿ ಹೊರತೆಗೆಯಿರಿ. ಉಜ್ಜಬೇಡಿ. ಇವತ್ತು ಬಲಗಡೆ, ನಾಳೆ ಎಡಗಡೆ. ಕೆಲವು ಇಂಜೆಕ್ಷನ್ ಸೊಂಟದ ಮಾಂಸಖಂಡಕ್ಕೇ ಹೋಗಬೇಕು, ಚೀಟಿಯಲ್ಲಿ ಅದನ್ನು ಖಚಿತ ಮಾಡಿಕೊಳ್ಳಿ. ಪೆನ್ ಆದರೆ ಡೋಸ್ ತಿರುಗಿಸಿ, ಚುಚ್ಚಿ, ಗುಂಡಿ ಪೂರ್ತಿ ಒತ್ತಿ ಹಿಡಿಯಬೇಕು. ಗುಂಡಿಯ ಕಿಟಕಿಯಲ್ಲಿ ಸೊನ್ನೆ ಬಂದಿರದಿದ್ದರೆ ಡೋಸ್ ಪೂರ್ತಿ ಹೋಗಿಲ್ಲ ಅಂತ ಅರ್ಥ.

ಸೂಜಿ ಚುಚ್ಚಿಕೊಳ್ಳಲು ಧೈರ್ಯ ಬಾರದಿದ್ದರೆ ಗಂಡ ಕಲಿಯಲಿ. ಈ ಚಿಕಿತ್ಸೆಯಲ್ಲಿ ಗಂಡಸರಿಗೆ ಮಾಡಲು ಸಿಗುವ ಕೆಲಸ ಕಡಿಮೆ, ಇದೊಂದು ನಿಜವಾದ ಸಹಾಯ.

ಪೆನ್ನನ್ನು ಫ್ರಿಜ್ಜಿನ ಸಾಮಾನ್ಯ ಭಾಗದಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರೀಜರ್‌ಗೆ ಹಾಕಿದರೆ ಔಷಧಿ ಕೆಡುತ್ತದೆ. ಕೆಲವನ್ನು 25 ಡಿಗ್ರಿವರೆಗೆ ಹೊರಗಿಡಬಹುದು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಆದರೆ ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಮನೆಯೊಳಗೆ 25 ಡಿಗ್ರಿ ಎಲ್ಲಿಂದ ಬರಬೇಕು? ಪ್ರಯಾಣಕ್ಕೆ ಐಸ್ ಪ್ಯಾಕ್ ಇರುವ ಡಬ್ಬಿ ಇಟ್ಟುಕೊಳ್ಳಿ, ಐಸ್ ನೇರವಾಗಿ ಔಷಧಿಗೆ ತಾಗದಂತೆ ಬಟ್ಟೆ ಸುತ್ತಿ. ಒಂದು ಡೋಸ್ ತಪ್ಪಿದರೆ ಮರುದಿನ ಎರಡು ಹಾಕಬೇಡಿ, ಫೋನ್ ಮಾಡಿ ಕೇಳಿ.

## ಹಂತ 6: ಸ್ಕ್ಯಾನಿಂಗ್ ರಿಪೋರ್ಟ್ ಓದುವುದು

ರಿಪೋರ್ಟ್‌ನಲ್ಲಿ "ಬಲ: 18, 16, 15, 12, ಎಡ: 17, 14, 11, ಇಟಿ 8.5" ಅಂತ ಬರೆದಿದೆ ಅನ್ನೋಣ. ನಂಬರ್‌ಗಳು ಫಾಲಿಕಲ್‌ಗಳ ಅಗಲ, ಮಿ.ಮೀ. ಲೆಕ್ಕದಲ್ಲಿ. ಇಟಿ ಅಂದರೆ ಗರ್ಭಕೋಶದ ಒಳಪದರದ ದಪ್ಪ. ಫಾಲಿಕಲ್‌ಗಳು ದಿನಕ್ಕೆ ಹೆಚ್ಚುಕಡಿಮೆ 1ರಿಂದ 2 ಮಿ.ಮೀ. ಬೆಳೆಯುತ್ತವೆ. ಐವಿಎಫ್ ಆಗಿದ್ದರೆ ಇದು ಸಹಜ ಬೆಳವಣಿಗೆ, ಎರಡು ಮೂರು ಫಾಲಿಕಲ್ 17–18 ಮುಟ್ಟಿದಾಗ ಟ್ರಿಗರ್. ಇದೇ ರಿಪೋರ್ಟ್ ಐಯುಐ ತಿಂಗಳಲ್ಲಿ ಬಂದರೆ ಡಾಕ್ಟರ್ ಮುಖದಲ್ಲಿ ಚಿಂತೆ ಕಾಣಿಸುತ್ತದೆ, ಯಾಕೆ ಅಂತ ಈಗ ನಿಮಗೆ ಗೊತ್ತು. ಏಳು ಫಾಲಿಕಲ್ ಕಂಡರೆ ಏಳು ಮೊಟ್ಟೆ ಸಿಗುತ್ತದೆ ಅಂತ ಎಣಿಸಬೇಡಿ. ಕೆಲವು ಫಾಲಿಕಲ್‌ನಿಂದ ಮೊಟ್ಟೆ ಸಿಗುವುದಿಲ್ಲ, ಕೆಲವು ಮೊಟ್ಟೆ ಬಲಿತಿರುವುದಿಲ್ಲ.

ಸ್ಕ್ಯಾನ್ ಯೋನಿ ಮೂಲಕ ಮಾಡುತ್ತಾರೆ, ಮೂತ್ರ ಮಾಡಿ ಹೋಗಿ. ದೂರದ ಊರಿನವರಾದರೆ ನಡುವಿನ ಒಂದೆರಡು ಸ್ಕ್ಯಾನನ್ನು ಹತ್ತಿರದ ಊರಿನಲ್ಲಿ ಮಾಡಿಸಿ ರಿಪೋರ್ಟ್ ಕಳಿಸಬಹುದಾ ಅಂತ ಮೊದಲೇ ಮಾತಾಡಿಕೊಳ್ಳಿ. ಟ್ರಿಗರ್ ಹತ್ತಿರದ ದಿನಗಳಲ್ಲಿ ಮಾತ್ರ ಕ್ಲಿನಿಕ್ ಇರುವ ಊರಲ್ಲೇ ಇರಬೇಕು. ಆ ವಾರ ಮದುವೆ, ಜಾತ್ರೆ ಅಂತ ಒಪ್ಪಿಕೊಳ್ಳಬೇಡಿ.

## ಹಂತ 7: ಟ್ರಿಗರ್

ಇಡೀ ಚಿಕಿತ್ಸೆಯಲ್ಲಿ ಗಡಿಯಾರ ನೋಡಿ ಮಾಡಲೇಬೇಕಾದ ಕೆಲಸ ಇದೊಂದೇ. ನಮ್ಮಲ್ಲಿ ಇದನ್ನು ರಪ್ಚರ್ ಇಂಜೆಕ್ಷನ್ ಅಂತಲೂ ಕರೆಯುತ್ತಾರೆ. ಎಚ್‌ಸಿಜಿ 5,000 ಅಥವಾ 10,000 ಐಯು, ಇಲ್ಲವೇ ರಿಕಾಂಬಿನಂಟ್ 250 ಮೈಕ್ರೋಗ್ರಾಂ. ಕೊಟ್ಟ ಸುಮಾರು 36 ಗಂಟೆಯ ನಂತರ ಮೊಟ್ಟೆ ಹೊರಬೀಳುತ್ತದೆ. ಐವಿಎಫ್‌ನಲ್ಲಿ ಅದಕ್ಕೆ ಸ್ವಲ್ಪ ಮೊದಲು, 34ರಿಂದ 36 ಗಂಟೆಗೆ, ಎಗ್ ಪಿಕಪ್, ಅಂದರೆ ಮೊಟ್ಟೆ ಹೊರತೆಗೆಯುವುದು. ಗುರುವಾರ ಬೆಳಗ್ಗೆ 9ಕ್ಕೆ ಪಿಕಪ್ ಅಂದರೆ ಟ್ರಿಗರ್ ಮಂಗಳವಾರ ರಾತ್ರಿ 9ಕ್ಕೆ. ಗಂಟೆಗಟ್ಟಲೆ ತಡವಾಗಿ ಕೊಟ್ಟು 9 ಅಂತ ಹೇಳಿದರೆ ಮೊಟ್ಟೆ ಬಲಿಯದೇ ಇರಬಹುದು. ಬೇಗ ಕೊಟ್ಟು ಸುಮ್ಮನಿದ್ದರೆ ಮೊಟ್ಟೆ ಜಾರಿಹೋಗಬಹುದು. ಹೆಚ್ಚುಕಡಿಮೆ ಆದರೆ ಆ ಕ್ಷಣವೇ ಫೋನ್ ಮಾಡಿ, ಪಿಕಪ್ ಸಮಯವನ್ನು ಅವರು ಹೊಂದಿಸಿಕೊಳ್ಳಬಲ್ಲರು. ಔಷಧಿಯನ್ನು ಎರಡು ದಿನ ಮೊದಲೇ ತಂದಿಡಿ, ರಾತ್ರಿ ಹೊತ್ತು ಮೆಡಿಕಲ್ ಶಾಪ್ ಹುಡುಕುವಂತಾಗಬಾರದು.

ಫಾಲಿಕಲ್ ತುಂಬ ಇದ್ದರೆ ಎಚ್‌ಸಿಜಿ ಬದಲು ಲ್ಯುಪ್ರೊಲೈಡ್ ಅಥವಾ ಟ್ರಿಪ್ಟೊರೆಲಿನ್ ಟ್ರಿಗರ್ ಕೊಡುತ್ತಾರೆ. ಆಂಟಗೊನಿಸ್ಟ್ ಅಥವಾ ಪಿಪಿಓಎಸ್ ಪ್ರೋಟೋಕಾಲ್‌ನಲ್ಲಿ ಮಾತ್ರ ಇದು ಸಾಧ್ಯ, ಯಾಕೆಂದರೆ ಪಿಟ್ಯುಟರಿ ಅಲ್ಲಿ ಪೂರ್ತಿ ಮಲಗಿರುವುದಿಲ್ಲ.

## ಅಂಡಾಶಯ ಅತಿಯಾಗಿ ಉಬ್ಬಿದರೆ

ಇದನ್ನು ಒಎಚ್‌ಎಸ್‌ಎಸ್ ಅನ್ನುತ್ತಾರೆ. ರಕ್ತನಾಳಗಳಿಂದ ನೀರು ಸೋರಿ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ, ರಕ್ತ ಗಟ್ಟಿಯಾಗುತ್ತದೆ. ಚಿಕ್ಕ ವಯಸ್ಸು, ಪಿಸಿಓಎಸ್, ಜಾಸ್ತಿ ಎಎಂಎಚ್, ತೆಳ್ಳನೆ ಮೈ ಇರುವವರಿಗೆ ಅಪಾಯ ಹೆಚ್ಚು. ಎಚ್‌ಸಿಜಿ ಕೊಟ್ಟ ಒಂದು ವಾರದೊಳಗೆ ಕಾಣಿಸಿಕೊಳ್ಳಬಹುದು. ಗರ್ಭ ನಿಂತರೆ ಗರ್ಭದ ಎಚ್‌ಸಿಜಿಯಿಂದಲೇ ಹತ್ತು ದಿನದ ಮೇಲೂ ಬರಬಹುದು. ಆಂಟಗೊನಿಸ್ಟ್ ಪ್ರೋಟೋಕಾಲ್, ಲ್ಯುಪ್ರೊಲೈಡ್ ಟ್ರಿಗರ್, ಭ್ರೂಣಗಳನ್ನೆಲ್ಲ ಫ್ರೀಜ್ ಮಾಡುವುದು, ಕ್ಯಾಬರ್ಗೊಲಿನ್ ಮಾತ್ರೆ ಇವು ಅದನ್ನು ತಡೆಯುವ ಸಾಧನಗಳು. ನಿಮಗೆ ಅಪಾಯ ಜಾಸ್ತಿ ಇದ್ದರೆ ಇದರಲ್ಲಿ ಏನು ಮಾಡುತ್ತೀರಿ ಅಂತ ಶುರುವಿನಲ್ಲೇ ಕೇಳಿ.

ಹೊಟ್ಟೆ ಸ್ವಲ್ಪ ಉಬ್ಬರಿಸಿ ಬಿಗಿಯುವುದು ಹೆಚ್ಚಿನವರಿಗೆ ಆಗುತ್ತದೆ. ಕೆಳಗಿನವು ಕಂಡರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ:

- ಒಂದೇ ದಿನದಲ್ಲಿ 1 ಕೆಜಿಗಿಂತ ಜಾಸ್ತಿ ತೂಕ ಏರುವುದು
- ಮೂತ್ರ ಕಡಿಮೆಯಾಗುವುದು, ಕಡು ಬಣ್ಣ
- ನಿಲ್ಲದ ವಾಂತಿ, ಹೊಟ್ಟೆ ಜೋರು ನೋವು
- ಉಸಿರು ಕಟ್ಟುವುದು, ಮಲಗಲಾಗದಿರುವುದು
- ಒಂದು ಕಾಲು ಅಥವಾ ಕೈ ಊದಿ ನೋಯುವುದು
- ಹಠಾತ್ ಒಂದೇ ಕಡೆ ಕೆಳಹೊಟ್ಟೆ ನೋವು (ದೊಡ್ಡದಾದ ಅಂಡಾಶಯ ತಿರುಚಿಕೊಂಡಿರಬಹುದು)

ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ "ಮೊಟ್ಟೆ ಬೆಳೆಸುವ ಇಂಜೆಕ್ಷನ್ ತೆಗೆದುಕೊಂಡಿದ್ದೇನೆ" ಅಂತ ಮೊದಲ ಮಾತಿನಲ್ಲೇ ಹೇಳಿ. ಚಿಕಿತ್ಸೆ ಗುಟ್ಟಾಗಿರಲಿ ಅಂತ ಮನೆಯವರ ಮುಂದೆ ಇದನ್ನು ಮುಚ್ಚಿಟ್ಟು ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮಲಗುವುದು ಅಪಾಯ.

## ಹಂತ 8: ಆಮೇಲಿನ ಎರಡು ವಾರ

ಐವಿಎಫ್‌ನಲ್ಲಿ ಪಿಕಪ್ ಆದ ಮೇಲೆ ದೇಹದ ಸ್ವಂತ ಪ್ರೊಜೆಸ್ಟರಾನ್ ಸಾಲುವುದಿಲ್ಲ. ಯೋನಿಯಲ್ಲಿಡುವ ಮಾತ್ರೆ, ಜೆಲ್, ಸೊಂಟದ ಇಂಜೆಕ್ಷನ್, ಇಲ್ಲವೇ ಡೈಡ್ರೊಜೆಸ್ಟರಾನ್ ಮಾತ್ರೆ 10 ಮಿ.ಗ್ರಾಂ ದಿನಕ್ಕೆ ಮೂರು ಸಲ. ನಿಮಗೆ ಯಾವುದು ಸಲೀಸು ಅಂತ ಹೇಳಿ ಆರಿಸಿಕೊಳ್ಳಬಹುದು. ಸ್ವಲ್ಪ ರಕ್ತ ಕಂಡ ತಕ್ಷಣ "ಆಗಿಹೋಯ್ತು" ಅಂತ ನೀವೇ ನಿಲ್ಲಿಸಬೇಡಿ. ಗರ್ಭ ನಿಂತಾಗಲೂ ರಕ್ತದ ಕಲೆ ಕಾಣುವುದುಂಟು.

ಹಾಸಿಗೆ ಹಿಡಿದು ಮಲಗಬೇಕಿಲ್ಲ. ಎಲ್ಲ ಕೆಲಸ ಬಿಟ್ಟು ಮಲಗಿದರೆ ಗರ್ಭ ನಿಲ್ಲುವುದು ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಮನೆಯಲ್ಲಿ ಟೆಸ್ಟ್ ಕಿಟ್ ಬೇಗ ನೋಡಬೇಡಿ. ಟ್ರಿಗರ್‌ನ ಎಚ್‌ಸಿಜಿ ಹತ್ತು ದಿನಕ್ಕೂ ಹೆಚ್ಚು ದೇಹದಲ್ಲಿ ಉಳಿದು ಎರಡು ಗೆರೆ ತೋರಿಸಬಹುದು. ಅದನ್ನು ನಂಬಿ ಮನೆಮಂದಿಗೆಲ್ಲ ಹೇಳಿ, ಆಮೇಲೆ ಮುಟ್ಟಾದರೆ ಆಗುವ ನೋವು ದೊಡ್ಡದು. ಕ್ಲಿನಿಕ್ ಹೇಳಿದ ದಿನ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ ಮಾಡಿಸಿ.

## ಕ್ಲಿನಿಕ್ ಆರಿಸುವಾಗ, ಸೈಕಲ್ ಫಲಿಸದಿದ್ದಾಗ

2021ರ ಎಆರ್‌ಟಿ (ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯ ಪ್ರಕಾರ ಐಯುಐ, ಐವಿಎಫ್ ಮಾಡುವ ಕೇಂದ್ರ ನೋಂದಣಿ ಮಾಡಿಸಿರಲೇಬೇಕು. ಐಯುಐ ಮಾತ್ರ ಮಾಡುವ ಕೇಂದ್ರ ಲೆವೆಲ್ 1, ಐವಿಎಫ್ ಮಾಡುವುದು ಲೆವೆಲ್ 2. ಈ ಕಾಯ್ದೆಯಲ್ಲಿ ಮಹಿಳೆಗೆ 21ರಿಂದ 50, ಗಂಡಸಿಗೆ 21ರಿಂದ 55 ವರ್ಷದ ಮಿತಿ ಇದೆ. ನೋಂದಣಿ ಪತ್ರ ತೋರಿಸಿ ಅಂತ ಕೇಳಲು ಹಿಂಜರಿಯಬೇಡಿ.

ಬೆಳವಣಿಗೆ ಹಾರ್ಮೋನ್, ಡಿಎಚ್‌ಇಎ ಹಾರ್ಮೋನ್ ಮಾತ್ರೆ, ಅಂಡಾಶಯಕ್ಕೆ ಪಿಆರ್‌ಪಿ (ನಿಮ್ಮದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವ) ಅಂತ ಹೆಚ್ಚುವರಿ ಚಿಕಿತ್ಸೆಗಳ ಪಟ್ಟಿ ಉದ್ದವಾಗುತ್ತ ಹೋದರೆ, ಪ್ರತಿಯೊಂದಕ್ಕೂ "ಇದರಿಂದ ಮಗುವಾಗುವುದು ಹೆಚ್ಚಾಗುತ್ತದೆ ಅನ್ನುವುದಕ್ಕೆ ಪುರಾವೆ ಏನು?" ಅಂತ ಕೇಳಿ. ಎಲ್ಲರಿಗೂ ವಾಡಿಕೆಯಂತೆ ಕೊಡುವಷ್ಟು ಗಟ್ಟಿ ಪುರಾವೆ ಇವಕ್ಕೆ ಇಲ್ಲ. ಸಾಲ ಮಾಡಿ ಚಿಕಿತ್ಸೆಗೆ ಬಂದವರ ಜೇಬಿಗೆ ಕೈ ಹಾಕುವ ಮೊದಲು ಈ ಉತ್ತರ ಕೊಡುವುದು ಕ್ಲಿನಿಕ್‌ನ ಕರ್ತವ್ಯ.

ಒಂದು ಸೈಕಲ್ ಫಲಿಸದಿದ್ದರೆ ಮರುದಿನವೇ ಮುಂದಿನದಕ್ಕೆ ದುಡ್ಡು ಕಟ್ಟಬೇಡಿ. ಕುಳಿತು ಮಾತಾಡಲು ಸಮಯ ತೆಗೆದುಕೊಳ್ಳಿ, ಗಂಡ ಹೆಂಡತಿ ಇಬ್ಬರೂ ಹೋಗಿ. ಯಾವ ಡೋಸ್ ಎಷ್ಟು ದಿನ ಕೊಟ್ಟರು, ಎಷ್ಟು ಫಾಲಿಕಲ್ ಬೆಳೆಯಿತು, ಎಷ್ಟು ಮೊಟ್ಟೆ ಸಿಕ್ಕಿತು, ಅದರಲ್ಲಿ ಬಲಿತದ್ದೆಷ್ಟು, ಭ್ರೂಣ ಎಷ್ಟಾಯಿತು, ಟ್ರಿಗರ್ ಯಾವುದು ಅಂತ ಬರೆದ ಸಾರಾಂಶ ಕೇಳಿ ಪಡೆಯಿರಿ. ಫಾಲಿಕಲ್ ಕಡಿಮೆ ಬಂದಿದ್ದರೆ ಡೋಸ್ ಅಥವಾ ಪ್ರೋಟೋಕಾಲ್ ಬದಲಾಗಬಹುದು. ಮೊಟ್ಟೆ ಬಲಿತಿರದಿದ್ದರೆ ಟ್ರಿಗರ್ ಬದಲಾಗಬಹುದು. ಮೊಟ್ಟೆ ಚೆನ್ನಾಗಿದ್ದು ಭ್ರೂಣ ಆಗದಿದ್ದರೆ ವೀರ್ಯದ ಕಡೆ ಮತ್ತೆ ನೋಡಬೇಕು. ಬೇರೆ ಡಾಕ್ಟರ ಹತ್ತಿರ ಹೋದರೂ ಅವರು ಮೊದಲು ಕೇಳುವುದು ಇದೇ ಕಾಗದವನ್ನು, ಅದರ ಒಂದು ಪ್ರತಿ ಮನೆಯಲ್ಲಿರಲಿ.